ಬೇಲಿ ಮಲಗಿಸುವುದು

ಕಾಲೇಜಿನಲ್ಲಿ ಎಕರೆಗಿಷ್ಟೆಂದು ಬೆಲೆ ಕಟ್ಟುತ್ತಿದ್ದೆ.
ಗೇಣಿ ಕರಾರು, ಹಾದಿಯ ಹಕ್ಕು, ನಕ್ಷೆಯ ಕೆಂಪು ಗೆರೆ,
ಯಾವುದರಲ್ಲೂ ತಪ್ಪಿದವಳಲ್ಲ.

ವೇಲ್ಸಿನ ಈ ಇಳಿಜಾರಿನಲ್ಲಿ, ಫೆಬ್ರವರಿಯ ಬೆಳಗಿನ ಏಳೂವರೆಗೆ,
ಆ ಕೆಂಪು ಗೆರೆಯೇ ಎದ್ದು ನಿಂತಿದೆ
ಹನ್ನೆರಡಡಿ ಎತ್ತರ, ಮೈತುಂಬ ಮುಳ್ಳು.

ಗ್ವಿಲಿಮ್ ಮಚ್ಚು ಕೊಟ್ಟ.
"ಬುಡದಲ್ಲಿ ಓರೆಯಾಗಿ ಕಡಿ. ಪೂರ್ತಿ ಬೇಡ.
ನಾಲಗೆಯಷ್ಟು ತೊಗಟೆ ಉಳಿಸು,
ಅಷ್ಟರಲ್ಲೇ ಅದು ಬದುಕಿಕೊಳ್ಳುತ್ತೆ."

ನನ್ನ ಏಟಿಗೆ ಮೊದಲನೆಯದು ತುಂಡಾಗಿ ಕೈಗೇ ಬಂತು.
ಎರಡನೆಯದೂ.
ಬಯ್ಯಲಿಲ್ಲ ಮಾರಾಯ; ಒಲೆಗಾಯಿತೆಂದು
ತನ್ನ ಭಾಷೆಯಲ್ಲಿ ಎಣಿಸಿ ಪಕ್ಕಕ್ಕಿಟ್ಟ:
ಇನ್, ದಾಯ್, ತ್ರೀ, ಪೆದ್ವಾರ್.

ಐದನೆಯದು ಬಾಗಿತು.
ಮುರಿದೇ ಹೋದೆನೆಂದು ಲಟಲಟ ಸದ್ದು ಮಾಡಿ
ಮುರಿಯದೆ
ಏರಿನ ಕಡೆ ತಲೆಯಿಟ್ಟು ಮಲಗಿತು.
ಉಸಿರು ಬಿಟ್ಟದ್ದು ನಾನೋ ಅದೋ.

ಫ್ಲಾಸ್ಕಿನ ಟೀ. ಹಲ್ಲಿನಿಂದ ಮುಳ್ಳು ಕೀಳುತ್ತ
ಕಾಲೇಜಿನ ಫಾರಂ ಮುಂದೆ ಹಿಡಿದೆ:
ಕಲಿತ ಕೌಶಲ, ತಗುಲಿದ ಗಂಟೆ, ಮೇಲ್ವಿಚಾರಕರ ಸಹಿ.
ಗ್ವಿಲಿಮ್ ಓದಿದ, ಮಡಿಸಿದ,
ಬೆಣ್ಣೆ ಮೆತ್ತಿದ ಬ್ರೆಡ್ಡಿನ ಡಬ್ಬಿಯಲ್ಲಿಟ್ಟ.

"ಮೇ ತಿಂಗಳಲ್ಲಿ ಬಾ.
ಚಿಗುರಿದ್ದರೆ ಹಾಕುತ್ತೇನೆ."

ಕೊನೆಯ ದಿನಾಂಕ ಮಾರ್ಚ್ ಹತ್ತು.
ಹೇಳಲು ಬಾಯಿ ತೆರೆದೆ. ಅವನಾಗಲೇ
ಆರನೆಯದರ ಬುಡ ಕೆದರುತ್ತಿದ್ದ.