ಒಂದು ಮೊಳೆಯ ಜಾಗ

ಗಾಜಿನ ಟೊಪಿಗಿ ಸಿನೆಮಾ ಅಂತಿದ್ವಿ ನಾವು.
ಖರೇ ಹೆಸರು ಇಂಗ್ಲಿಷಿನ್ಯಾಗ ಇತ್ತು,
ಪೋಸ್ಟರ್ ಅರ್ಧ ಹರದಿತ್ತು.
ಅಮಾಸಿ ದಿನ, ಪ್ರೆಸ್ಸಿಗೆ ಸೂಟಿ.
ಬೆಟಗೇರಿಯಿಂದ ನಡಕೋತ ಗದಗಿನ ಟಾಕೀಜಿಗೆ
ನಾ, ಮತ್ತ ಬೈಂಡಿಂಗಿನ ಖೈರುನಿಸಾ.
ನಾ ಮೊಳೆ ಜೋಡಸಾಕಿ, ಅಕಿ ಹಾಳಿ ಮಡಚಾಕಿ.
ನನ್ನ ಬಟ್ಟಿನ ಮಸಿ ಅಕಿ ಓಢಣಿಗೆ ಹತ್ತಿದ್ದು
ಎಷ್ಟ ತೊಳದರೂ ಹೋಗಿದ್ದಿಲ್ಲ.

ಹೆಂಗಸರ ಕಡೆ ಬೆಂಚು, ಮುಂದ ಒಂದು ಕಂಬ.
ಕಂಬದ ಎಡಕ್ಕ ನಾನು, ಬಲಕ್ಕ ಅಕಿ.
ಇಬ್ಬರೂ ಅರ್ಧರ್ಧ ನೋಡಿ
ಹೊಳ್ಳಿ ಬರೋವಾಗ ಕೂಡಿಸಿಕೊಂಡ್ವಿ.

ಮುಂದಿನ ಕಾಲದ ಕತಿ ಅದು. ಆ ಮುಂದಿನ ಕಾಲ
ತೊಂಬತ್ತೆಂಟನೇ ಇಸವಿ ಅಂತ ಮೊದಲಿಗೇ ಬರದಿದ್ರು.
ಬರ್ಫದ ಚಂದ್ರನ ಮ್ಯಾಲೆ ಒಬ್ಬನ್ನ ಕಾವಲಿಗೆ ಇಟ್ಟಾರ.
ಒಂದು ಏರಿಯಲ್ಲು, ಒಂದು ರೇಡಿಯೋ,
ದಿನಾ ಒಂದು ಗುಂಡಿ ಒತ್ತೋದು.
ಮಾತು ಭಾಳ ಇಲ್ಲ, ಅದಕ್ಕ ನಮಗೂ ತಿಳೀತು.
ಕಡೀಕ ಅವನ ಯಂತ್ರದಾಗ ಹಸರ ಅಕ್ಷರ ಮೂಡತಾವ.
ಯಂತ್ರ ನಮಗ ತೋರಸಂಗಿಲ್ಲ,
ಅವನ ಟೊಪಿಗಿ ಗಾಜಿನ್ಯಾಗ ಕಾಣತಾವ, ತಿರುವುಮುರುವು.
ಅವ ನೋಡತಾನ.
ನೋಡತಾನ.
ಮುಗೀತು, ಲೈಟು.

"ಏನ ಬರದಿತ್ತು ಶಾವಂತ್ರಿ?"
ಇಡೀ ಟಾಕೀಜಿನ್ಯಾಗ ಅದನ್ನ ಓದಿದಾಕಿ ನಾ ಒಬ್ಬಾಕೆ.
ಲಗ್ನಪತ್ರಿಕಿ, ಸೊಸೈಟಿ ಪಾವತಿ, ಸತ್ತವರ ಕಾರ್ಡು,
ಮುಂಜಾನಿಂದ ಸಂಜಿತನಾ ತಿರುವುಮುರುವೇ ನನ್ನ ದುಡಿಮಿ.
ಅರ್ಥ ಬರದಿದ್ರೂ ಇಂಗ್ಲಿಷ್ ಅಕ್ಷರ ಬರತಿದ್ವು.
"ನೋ ರಿಪ್ಲೈ," ಅಂದೆ.
"ಅಂದ್ರ?"
"ಯಾರೂ ಉತ್ತರಾ ಕೊಡಲಿಲ್ಲಂತ."
ಬೆಟಗೇರಿ ಬರೋತನಾ ಅಕಿ ಮಾತಾಡಲಿಲ್ಲ.

ಒಂದು ಮಾತ್ರ ಅಕಿಗೆ ಹೇಳಲಿಲ್ಲ.
ಎರಡು ಶಬ್ದದ ನಡುವ ಜಾಗ ಭಾಳ ಬಿಟ್ಟಿದ್ರು,
ಕ್ವಾಡ್ ಮ್ಯಾಲೆ ಕ್ವಾಡ್ ಹಾಕಿದಂಗ.
ಯಾವ ದಡ್ಡ ಕಂಪೋಸಿಟರಪಾ ಇವ!
ನಮ್ಮ ಮಾಲಕ ಆಗಿದ್ರ ಗ್ಯಾಲಿ ಕೆಡವಿಸಿ
ಮತ್ತ ಜೋಡಸಂತಿದ್ದ.

ಅದೇ ವರ್ಷ ಅಕಿನ್ನ ಬಾರ್ಶಿಗೆ ಕೊಟ್ರು.
ಒಂದು ಇನ್‌ಲ್ಯಾಂಡ್ ಬಂತು.
ಅಕ್ಷರ ಸೊಟ್ಟ; ಮಡಚಿದ್ದು ಅಂಚಿಗೆ ಅಂಚು.
"ಮನಿ ತುಂಬ ಮಂದಿ. ಆದ್ರೂ
ಗಾಜಿನ ಟೊಪಿಗಿ ಹಾಕ್ಕೊಂಡಂಗ ಐತಿ."
ಲಗ್ನದ ಸೀಜನ್ನು, ಓವರ್‌ಟೈಮು.
ನಾಳೆ ಬರದ್ರಾತು ಅಂದೆ.
ಆಮ್ಯಾಲೆ ಆಫ್‌ಸೆಟ್ ಬಂತು,
ಮೊಳೆ ಕಿಲೋ ಲೆಕ್ಕದಾಗ ಗುಜರಿಗೆ ಹೋದ್ವು.
ತೊಂಬತ್ತೆಂಟೂ ಬಂತು, ಹೋತು.
ಚಂದ್ರನ ಮ್ಯಾಲೆ ಯಾರೂ ಕಾವಲಿಗೆ ಹೋಗಲಿಲ್ಲ.

ಮೊನ್ನೆ ತಂಗಿ ಮೊಮ್ಮಗಳು ಸಂಜೋತಾ ಬಂದ್ಲು.
"ಆಯೀ, ನಿನ್ನ ಟೊಪಿಗಿ ಸಿನೆಮಾ
ತೊಳದು ಹೊಸಾದ ಮಾಡಿ ಹುಬ್ಬಳ್ಳ್ಯಾಗ ಬಿಟ್ಟಾರ."
ಮಾಲಿನ ಮ್ಯಾಲಿನ ಮಾಳಿಗಿ, ಥಂಡಿ ಗಾಳಿ,
ಮಲಕೊಂಡು ನೋಡೋ ಖುರ್ಚಿ.
ಕಂಬ ಇಲ್ಲ.
ಬಲಗಡೀದ ಸಿನೆಮಾ ಮೊದಲನೇ ಸಲ ನೋಡಿದೆ.
ಖೈರುನಿಸಾ ಹೇಳಿದಂಗ ಇತ್ತು,
ಬೆಕ್ಕು ಒಂದು ಬಿಟ್ಟು.
ಬೆಕ್ಕು ಅಕಿನೇ ಸೇರಿಸಿದ್ಲು ಕಾಣಸ್ತೈತಿ.

ಕಡೀಕ ಗಾಜು. ಹಸರ ಅಕ್ಷರ, ಬಾಗಲದಷ್ಟು ಎತ್ತರ.
ಮಳಿ ಸುರದಂಗ ಇರತಿದ್ದ ಗೆರಿ ಒಂದೂ ಇಲ್ಲ.
ಎನ್.
ಓ.
ಆ ಖಾಲಿ ಜಾಗದಾಗ
ಒಂದು ಡಬ್ಲ್ಯೂ.
ಕನ್ನಡಿ ಒಳಗೂ ಹೊರಗೂ ಒಂದೇ ಥರ ಇರೋ ಅಕ್ಷರ ಅದು,
ಹಳೇ ಪ್ರಿಂಟಿನ ಬಿಳೀ ಗೀರಿನ್ಯಾಗ ಕೆರದು ಹೋಗಿದ್ದು.
ನೌ ರಿಪ್ಲೈ.
ಈಗ ಉತ್ತರಾ ಕೊಡು.

ಆ ಕಂಪೋಸಿಟರ್ ದಡ್ಡ ಇದ್ದಿಲ್ಲ.
ಅವನ ಅಳತಿ ಬರೋಬ್ಬರಿ ಇತ್ತು.

"ಯಾಕಾಯಿ, ಕಣ್ಣಿಗೆ ಗಾಳಿ ಬಡೀತೇನು?"
ಹೂಂ ಅಂದೆ.

ಅಣ್ಣಿಗೇರಿ ದಾಟಿದ ಮ್ಯಾಲೆ ರೈಲಿನ ಕಿಡಕ್ಯಾಗ
ನನ್ನ ಮಾರಿ, ಅದರಾಚೆ ಕತ್ತಲಿ, ಒಂದೆರಡು ದೀಪ.
ಬಾರ್ಶಿ. ಗಲ್ಲಿ ಹೆಸರು ನೆನಪಿಲ್ಲ.
ಅಕಿ ಗಂಡನ ಹೆಸರು ಮ ದಿಂದ ಸುರು ಆಗತಿತ್ತು, ಅಷ್ಟ.
ಬಟ್ಟು ತಮ್ಮಷ್ಟಕ್ಕ ತಾವೇ ತೊಡಿ ಮ್ಯಾಲೆ
ಮ ದ ಖಾನೆ ಹುಡುಕಾಕ ಹತ್ತಿದ್ವು.
ಎಡಕ್ಕ,
ಕೆಳಗಿಂದ ಎರಡನೇದು.