ಇಪ್ಪತ್ತರಲ್ಲಿ ಏಳನೆಯದು

ಎರಡು ಅಂಗೈ ಅಗಲದ ಕಾಗದ.
ಅದರೊಳಗೆ ವೂಚ್ ಊರಿನ ನಮ್ಮ ಅಡುಗೆಮನೆ,
ಮೂರನೆಯ ಮಹಡಿ, ಗಿರಣಿಯ ಕಡೆಯದು.
ಅಮ್ಮ ಸ್ಟೂಲಿನ ಮೇಲೆ ಕೂತು
ಆಲೂಗಡ್ಡೆ ಹೆರೆಯುತ್ತಿದ್ದಾಳೆ.
ಸಿಪ್ಪೆ ಎಲ್ಲೂ ಕಡಿಯದೆ ಉದ್ದಕ್ಕೆ ಇಳಿದು
ಬಕೆಟ್ಟಿನ ಅಂಚು ಮುಟ್ಟಿದೆ.

ಕೊರ್ನೆಲ್ ಸುಳ್ಳು ಗೀರುವವನಲ್ಲ.
ಏಪ್ರನ್ನಿನ ತೇಪೆ ತೇಪೆಯಾಗಿಯೇ ಇದೆ,
ಕಲ್ಲಿದ್ದಲ ಒಲೆಯ ಹೆಂಚಿನಲ್ಲಿ ಬಿರುಕಿದೆ,
ಹಗ್ಗದ ಮೇಲೆ ನನ್ನ ಕಾಲುಚೀಲದ ತೂತೂ ಇದೆ.
ಎಂಬತ್ತು ದಾಟಿದ ನಾನು
ಮ್ಯೂಸಿಯಮ್ಮಿನ ಕಾವಲುಗಾರನೆದುರು
ಆ ತೂತಿಗಾಗಿ ನಾಚಿದೆ.

ಎಲ್ಲ ಸರಿ. ಎಲ್ಲವೂ ತಿರುಗುಮುರುಗು.
ಕಿಟಕಿ ಇದ್ದದ್ದು ಒಲೆಯ ಆ ಕಡೆ.
ಅಮ್ಮ ಎಡಚಿಯಲ್ಲ; ಇಲ್ಲಿ ಚಾಕು ಎಡಗೈಯಲ್ಲಿ.
ತಾಮ್ರದ ತಗಡು ಹಾಗೇ ಅಂತೆ:
ಸೂಜಿ ಗೀರಿದ್ದನ್ನು ಆಸಿಡ್ ಕಡಿಯುತ್ತದೆ,
ಕಡಿದಲ್ಲಿ ಮಸಿ ನಿಲ್ಲುತ್ತದೆ,
ಒದ್ದೆ ಕಾಗದ ಮೈಯೊತ್ತಿ ಏಳುವಷ್ಟರಲ್ಲಿ
ಮನೆ ಮಗ್ಗುಲು ಬದಲಿಸಿರುತ್ತದೆ.

ಆದರೆ ಉಂಗುರ!
ನಮ್ಮಲ್ಲಿ ಗಂಡನಿದ್ದವಳ ಉಂಗುರ ಬಲಗೈಗೆ,
ಅವನು ಹೋದಮೇಲೆ ಎಡಗೈಗೆ.
ಅಪ್ಪ ಆ ಮಂಗಳವಾರ ಗೋಡೆಯಾಚೆಗೇ
ರಾತ್ರಿಪಾಳಿ ಮುಗಿಸಿ ಬಂದು
ಕಿವಿಯಲ್ಲಿ ಹತ್ತಿಯ ಧೂಳಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದ.
ಕಾಗದದ ಮೇಲೆ ಅಮ್ಮ ವಿಧವೆ.

ಪಕ್ಕದ ಮನೆ ಪೆಲಾಗಿಯಾ ಎದೆಗೆ ಶಿಲುಬೆ ಗೀರಿಕೊಂಡಳು,
ಅಪಶಕುನ, ಸುಟ್ಟುಹಾಕು ಅಂದಳು.
ಕೊರ್ನೆಲ್ ಕಿವಿತನಕ ಕೆಂಪಾಗಿ
‘ಎಡವಟ್ಟಾಯಿತು, ಆ ಬೆರಳು ಉಜ್ಜಿ ಅಳಿಸುತ್ತೇನೆ’ ಅಂದ.
ಅಮ್ಮ ಕೈ ಒರೆಸಿಕೊಂಡು ಬಂದು
ಬಹಳ ಹೊತ್ತು ನೋಡಿದಳು.
ಕೇಳಿದ್ದು ಇಷ್ಟೇ:
‘ಸಿಪ್ಪೆ ಇಷ್ಟು ದಪ್ಪ ಯಾಕೆ ಬಿಡಿಸಿದೆಯೋ?
ನಾನು ಅಷ್ಟು ದಂಡ ಮಾಡುವವಳಲ್ಲ.’

ಅಪಶಕುನವೂ ತಿರುಗುಮುರುಗಾಗಿತ್ತು.
ಯುದ್ಧದ ಎರಡನೆಯ ಚಳಿಗಾಲ,
ಸಿಪ್ಪೆಯನ್ನೂ ಬೇಯಿಸಿ ಉಣ್ಣುತ್ತಿದ್ದಾಗ,
ಕೆಮ್ಮು ಅಮ್ಮನನ್ನೇ ಕರಕೊಂಡು ಹೋಯಿತು.
ಅಪ್ಪ ಸಾಬೂನು ಹಚ್ಚಿ ಹಚ್ಚಿ
ತನ್ನ ಉಂಗುರವನ್ನು ಎಡಗೈಗೆ ದಾಟಿಸಿದ.
ನೇಕಾರನ ಗೆಣ್ಣು, ದಾಟಲು ಸಂಜೆಯಾಯಿತು.

ಕಾವಲುಗಾರ ಆಕಳಿಸುವುದನ್ನೇ ಕಾದು
ಚಿತ್ರಕ್ಕೆ ಬೆನ್ನು ಮಾಡಿ
ಕೈಚೀಲದ ಪುಟ್ಟ ಕನ್ನಡಿ ತೆಗೆದು
ಹೆಗಲ ಮೇಲಿಂದ ಹಿಡಿದೆ.
ಕನ್ನಡಿಯೊಳಗಿನ ಗಂಟು ಅನ್ನಿ, ಇರಲಿ.
ಕಿಟಕಿ ತನ್ನ ಜಾಗಕ್ಕೆ ಹೋಯಿತು.
ಚಾಕು, ಉಂಗುರ, ಎರಡೂ ಬಲಗೈಗೆ ಬಂದವು.
ಗೋಡೆಯಾಚೆ ಯಾರೋ ಮಗ್ಗುಲಾದ ಹಾಗಾಯಿತು.

ಸಿಪ್ಪೆ ಮಾತ್ರ
ಅಷ್ಟೇ ದಪ್ಪ.