ಮೇಲಿನ ಕೋಣೆ

ಹೆದರಿಕೆ ಇರಲಿಲ್ಲ ಅಂತಲ್ಲ.
ಗೋಡೆಯ ಪಟದೊಳಗಿನ ಜಮೀನ್ದಾರ ಕಣ್ಣು ಹೊರಳಿಸಿದಾಗ
ಮಡಿಲ ಮಂಡಕ್ಕಿ ಅರ್ಧ ನೆಲದ ಪಾಲು.
ಮಿರ್ಚಿ ಕಚ್ಚಿದ ಬಾಯಿ ಹಾಗೇ ತೆರೆದು
ಖಾರವೋ ಭಯವೋ ತಿಳಿಯದೆ
ಕಣ್ಣಲ್ಲಿ ನೀರು.

ಆದರೂ ಪ್ರತಿ ಶನಿವಾರ ಎರಡನೇ ಆಟಕ್ಕೆ
ದಾವಣಗೆರೆಯ ಅರ್ಧ ಮಿಲ್ಲು ಗಾಂಧಿ ಕ್ಲಾಸಿನಲ್ಲಿ.
ಕೂದಲ ತುಂಬ ಹತ್ತಿಯ ಧೂಳು ಹೊತ್ತ ಹೆಂಗಸರು
ತೆರೆಯ ಬೆಳಕಿಗೆ ಒಮ್ಮೆಲೇ ನರೆತುಹೋಗಿ
ಹಿಂದಿನ ಸಾಲಿನಿಂದ ನೋಡಿದರೆ
ದೆವ್ವಗಳೇ ಟಿಕೆಟ್ ಕೊಂಡು ಕೂತಂತೆ.

ಅವ್ವ ಹನುಮಕ್ಕ, ಕೋನ್ ವೈಂಡಿಂಗಿನವಳು.
ಪಕ್ಕದಲ್ಲಿ ಮಂಡಕ್ಕಿ ಭಟ್ಟಿಯ ಜುಲೇಖಾಬಿ,
ಸೆರಗಿಗೆ ಸುಟ್ಟ ಹೊಟ್ಟಿನ ವಾಸನೆ.
ನಡುವೆ ನಾನು, ಅರ್ಧ ಟಿಕೆಟ್ಟಿನ ಜೀವ.
ಗೇಟಿನ ಓಬಳೇಶ ಮುಖಕ್ಕೆ ಬ್ಯಾಟರಿ ಬಿಟ್ಟು ಕೇಳುತ್ತಿದ್ದ:
"ಈ ಕೂಸು ರಾತ್ರಿ ಹಾಸಿಗ್ಯಾಗ ಉಚ್ಚೆ ಹೊಯ್ದರೆ?"
"ಹಾಸಿಗಿ ಎಲ್ಲೈತೋ ನಮ್ಮನ್ಯಾಗ" ಅಂತ ಅವ್ವ.

ಕಥೆ ಯಾವಾಗಲೂ ಒಂದೇ.
ಮಳೆ. ಕೆಟ್ಟು ನಿಂತ ಕಾರು. ಗುಡ್ಡದ ಮೇಲೊಂದು ಬಂಗಲೆ.
ಕಂದೀಲು ಹಿಡಿದ ಕಾವಲುಗಾರ (ಅವನೇ
ಹೋದ ತಿಂಗಳ ಸಿನಿಮಾದಲ್ಲೂ ಇದ್ದ, ಅದೇ ಕೆಮ್ಮು):
"ಎಲ್ಲಾದರೂ ಮಲಗಿ ಅಮ್ಮಾ,
ಮೇಲಿನ ಕೋಣೆ ಮಾತ್ರ ಬೇಡ."

ಎಲ್ಲಾದರೂ ಮಲಗಿ!
ಆ ಮಾತಿಗೆ ಇಡೀ ಗಾಂಧಿ ಕ್ಲಾಸು
ಸಣ್ಣಗೆ ಉಸಿರುಬಿಡುತ್ತಿತ್ತು.

ನಮ್ಮದು ಎಂಟು ಹೆಜ್ಜೆಯ ವಠಾರದ ಮನೆ.
ಅಪ್ಪ ಮೂರನೇ ಪಾಳಿ, ಅಣ್ಣ ಮೊದಲನೆಯದು;
ಒಬ್ಬ ಎದ್ದ ಚಾಪೆಯ ಬಿಸಿಗೆ
ಇನ್ನೊಬ್ಬ ಬಂದು ಬೀಳಬೇಕು.
ಮದುವೆಯಾದ ಮೇಲೆ ಅಣ್ಣನಿಗೆಂದು
ಅವ್ವನ ಹಳೇ ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟಿದ್ದರು.
ಸಿನಿಮಾದಲ್ಲಿ ಪರದೆ ಅಲುಗಿದರೆ
ಏಳುನೂರು ಜನ ಚೀರುತ್ತಿದ್ದೆವು.
ಮನೆಯಲ್ಲಿ ಪರದೆ ಅಲುಗಿದರೆ
ಐದು ಜನ ಗೋಡೆಗೆ ತಿರುಗಿ
ಗೊರಕೆ ಹೊಡೆಯುತ್ತಿದ್ದೆವು, ಎಚ್ಚರವಾಗಿ.

ಅದಕ್ಕೇ ಇರಬೇಕು,
ಬಿಳಿ ಸೀರೆಯವಳು ಒಬ್ಬಳೇ ಹಜಾರ ದಾಟುವಾಗ
ಜುಲೇಖಾಬಿ ಕಣ್ಣು ಮುಚ್ಚುತ್ತಿರಲಿಲ್ಲ,
ಬೆರಳು ಮಡಚಿ ಎಣಿಸುತ್ತಿದ್ದಳು:
ಅಡುಗೆಮನೆ ಬಿಟ್ಟು ಹನ್ನೊಂದು.
"ಸತ್ತಮೇಲೆ ಇಷ್ಟು ಸಿಗೋದಾದರೆ..." ಅಂದವಳು ಒಮ್ಮೆ
ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡಳು.

ನಾಯಕಿ ಮೆಟ್ಟಿಲಿಗೆ ಕಾಲಿಟ್ಟಳೋ ಇಲ್ಲವೋ
ಸ್ಪಿನ್ನಿಂಗ್ ಖಾತೆಯವರು ಎದ್ದು ನಿಂತು ಬುದ್ಧಿ ಹೇಳುವರು:
"ಹೋಗಬ್ಯಾಡವ್ವಾ! ಹಿಂದೆ ನೋಡು! ಗಂಡನ್ನ ಎಬ್ಬಿಸು!"
ಕೇಳಿದ್ದಾಳೆಯೇ ಯಾವತ್ತಾದರೂ?
ಕೇಳಿಬಿಟ್ಟರೆ ಎಂಬುದೇ ನಮ್ಮ ನಿಜವಾದ ಭಯ.
ಯಾರ ಮನೆಗೂ ಮಹಡಿ ಇರದ ಜನ
ಅವಳ ಕಾಲಿನಲ್ಲೇ
ಒಂದೊಂದು ಮೆಟ್ಟಿಲು ಹತ್ತುತ್ತಿದ್ದರು.

ಆ ಶನಿವಾರ ಬಾಗಿಲು ಕಿರ್ರೆಂದು
ನಾಲ್ಕು ಬೆರಳು ತೆರೆದಿತ್ತು.
ಕರೆಂಟು ಹೋಯಿತು.

ಶಿಳ್ಳೆ. ಬೈಗುಳ. ಯಾರದೋ ಮಗು.
ಕತ್ತಲ ತುಂಬ ಬೀಡಿಯ ಕೆಂಪು ಚುಕ್ಕಿ.
ಓಬಳೇಶ ಅರ್ಧ ಗಂಟೆ ಕಾಯಿಸಿ
ಅರ್ಧ ದುಡ್ಡು ವಾಪಸು ಕೊಟ್ಟ.
ಮರುದಿನ ರೀಲಿನ ಡಬ್ಬಿ
ಚಿತ್ರದುರ್ಗದ ಬಸ್ಸು ಹತ್ತಿಬಿಟ್ಟಿತು.

ಮೂವರೂ ಹಳೇ ಪೇಟೆ ಹಾದು ನಡೆದೆವು.
ಸಿನಿಮಾದ ಗಡಿಯಾರ ಹೊಡೆಯದೆ ಬಿಟ್ಟ ಹನ್ನೆರಡನ್ನು
ಮಿಲ್ಲಿನ ಸೈರನ್ನು ಕೂಗಿತು. ಅಪ್ಪ ಈಗ ಒಳಗೆ.
"ಆ ಕೋಣ್ಯಾಗ ಏನಿತ್ತು?" ಕೇಳಿದೆ.

ಜುಲೇಖಾಬಿಗೆ ಎಲ್ಲ ಗೊತ್ತಿತ್ತು: ಒಂದು ಕಿಟಕಿ,
ಗಾಜಿನದು, ಹೊಗೆ ಬಾರದ್ದು.
ಒಂದು ತೂಗುಮಂಚ.
ಬೇಕಾದರೆ ಮೂಲೆಯಲ್ಲಿ ಒಂದು ಹೆಣ.

ಅವ್ವ ಬಾವಿಯ ತಿರುವಿನವರೆಗೂ ಮಾತಾಡಲಿಲ್ಲ.
"ಏನೂ ಇರಲಿಲ್ಲ" ಅಂದಳು ಆಮೇಲೆ. "ಖಾಲಿ.
ಕಸ ಹೊಡೆದು, ನೀರು ಚಿಮುಕಿಸಿ,
ಕದ ಹಾಕ್ಕಂಡು
ಕಾಲು ಚಾಚಿ ಮಲಗೋದು."

"ದೆವ್ವ?"

"ಇರ್ಲಿ ಬಿಡು.
ಅದೇನು ಜಾಗ ಹಿಡೀತೈತಾ?"